ಪುಷ್ಪಕ, ಕೃಷಕ, ಬಸಂತ: ಹೆಸರು ಉಳಿಯಿತು, ವಿಮಾನ ಎಲ್ಲಿ?



ಕನ್ನಡ ಕೂಟದ ಪತ್ರಿಕೆಗೆ ವಿಮಾನದ ಮೇಲೆ ಲೇಖನ ಬರೀತೀನಿ ಅಂದಾಗ ನಮ್ಮ ಸಂಪಾದಕರು ಹುಬ್ಬೇರಿಸಿದರು. "ಕತೆ ಬರಿ, ಕವನ ಬರಿ, ಇಲ್ಲಾ ಒಂದು ವಿಮರ್ಶೆ ಬರಿ. ಇಂಜಿನ್ನು, ರೆಕ್ಕೆ ಎಲ್ಲಾ ಸೈನ್ಸ್ ಫೋರಮ್ಮಿನವರಿಗೆ ಬಿಡು" ಅಂದರು. ಬಿಡೋದಕ್ಕೆ ನಾನು ತಯಾರಿಲ್ಲ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, ನಮ್ಮ ಕವಿಗಳ ಬಾಯಲ್ಲಿರುವಂಥ ಹೆಸರು ಇಟ್ಟುಕೊಂಡು, ನಮ್ಮ ರೈತನ ಹೆಸರಲ್ಲೇ ಹಾರಿ, ಸದ್ದಿಲ್ಲದೆ ಸತ್ತುಹೋದ ಒಂದು ಮನೆತನದ ಕತೆ ಇದು. ಇಂಥ ಮನೆತನದ ಕತೆ ಹೇಳುವುದು ಸಾಹಿತ್ಯದ ಕೆಲಸ ಅಲ್ಲದಿದ್ದರೆ ಮತ್ತೆ ಯಾರ ಕೆಲಸ?

ಮೊದಲು ನಾನು ಎಲ್ಲಿ ಕೂತು ಈ ಯೋಚನೆ ಹಚ್ಚಿಕೊಂಡೆ ಅನ್ನೋದನ್ನ ಹೇಳಿಬಿಡ್ತೀನಿ. ಮಹಾರಾಷ್ಟ್ರದ ಯೇವಲಾ. ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ಹಿಂದಿನ ಔರಂಗಾಬಾದಿಗೆ ಹೋಗುವ ದಾರಿಯಲ್ಲಿರುವ ತಾಲೂಕು ಊರು. ತಾತ್ಯಾ ಟೋಪೆ ಹುಟ್ಟಿದ್ದು ಅಲ್ಲಿ. 1935ರ ಅಕ್ಟೋಬರ್‌ನಲ್ಲಿ ಬಾಬಾಸಾಹೇಬ ಅಂಬೇಡ್ಕರರು ತಾನು ಹಿಂದುವಾಗಿ ಸಾಯುವುದಿಲ್ಲ ಎಂದು ಸಾರಿದ್ದೂ ಅಲ್ಲೇ. ಇವತ್ತು ಆ ಊರು ಹೆಚ್ಚಾಗಿ ಪೈಠಣಿ ಸೀರೆಯ ಮಗ್ಗಕ್ಕೆ ಹೆಸರಾಗಿದೆ. ಮಾವನ ಮಗಳ ಮದುವೆಗೆ ಸೀರೆ ತರೋದಕ್ಕೆ ಅಂತ ಒಂದು ಸಂಕ್ರಾಂತಿ ಹೊತ್ತಿಗೆ ನಾವು ಅಲ್ಲಿಗೆ ಹೋದೆವು. ಸಂಕ್ರಾಂತಿ ಬಂದರೆ ಯೇವಲಾದಲ್ಲಿ ಮೂರು ದಿನ ಗಾಳಿಪಟ ಬಿಟ್ಟು ಬೇರೆ ಮಾತಿಲ್ಲ. ಮಾಳಿಗೆ ಮಾಳಿಗೆ ಮೇಲೂ ಜನ. ಮಗ್ಗದ ಮನೆಯ ಯಜಮಾನರೂ ಸೀರೆ ತೋರಿಸೋದನ್ನ ಅರ್ಧಕ್ಕೆ ಬಿಟ್ಟು ನಮ್ಮನ್ನೂ ಮಾಳಿಗೆಗೆ ಹತ್ತಿಸಿದರು. ಪಟ ಕಿತ್ತರೆ ಹುಡುಗರು ಅಲ್ಲೇ ಕೂತು ಅನ್ನದ ಅಂಟು ಹಚ್ಚಿ, ತೇಪೆ ಹಾಕಿ, ಮತ್ತೆ ಬಿಡ್ತಿದ್ದರು.

ಆಗ ಎಲ್ಲೋ ಬಲು ಮೇಲೆ ಗುಡುಗಿದ ಹಾಗೆ ಜೆಟ್ ವಿಮಾನದ ಸದ್ದು. ಎಲ್ಲರೂ ತಲೆ ಎತ್ತಿದರು. ಯಾರಿಗೂ ಏನೂ ಕಾಣಲಿಲ್ಲ. ನಮ್ಮ ಮಾವ ನಾಸಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮೂಲತಃ ಯಲಹಂಕ ಕಡೆಯವರು. ಅವರು ನಕ್ಕು ಹೇಳಿದರು: "ಇದರ ಸದ್ದು ಕೇಳ್ತೀವಿ ಕಣೋ, ಮುಖ ನೋಡೋಕಾಗಲ್ಲ. ನಾವು ಹುಡುಗರಾಗಿದ್ದಾಗ ಜಕ್ಕೂರಿನ ಬೇಲಿ ಪಕ್ಕ ನಿಂತ್ರೆ ಪುಟ್ಟ ವಿಮಾನ ಹಿಂಗೆ ತಲೆ ಮೇಲೇ ಬರೋದು. ಒಳಗಿದ್ದೋನು ಕೈ ಬೀಸಿದ್ರೆ ಕಾಣೋದು. ಬಟ್ಟೆ ಹೊದಿಸಿದ ರೆಕ್ಕೆ. ಅದೂ ಒಂಥರಾ ಈ ಗಾಳಿಪಟಾನೇ."

ಆ ಬಟ್ಟೆ ಹೊದಿಸಿದ ರೆಕ್ಕೆಯ ವಿಮಾನದ ಹೆಸರು ಪುಷ್ಪಕ.

ನಾವು ಚಿಕ್ಕಂದಿನಿಂದ ಕೇಳಿದ ಪುಷ್ಪಕ ವಿಮಾನದ ಗುಟ್ಟು ನಿಮಗೆ ಗೊತ್ತೇ ಇದೆ. ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಇರುತ್ತೆ. ಎಚ್.ಎ.ಎಲ್.ನ ಪುಷ್ಪಕದಲ್ಲಿ ಇದ್ದದ್ದು ಎರಡೇ ಸೀಟು, ಪಕ್ಕ ಪಕ್ಕ. ಒಂದು ಗುರುವಿಗೆ, ಇನ್ನೊಂದು ಶಿಷ್ಯನಿಗೆ. 1958ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿತು. 90 ಕುದುರೆಶಕ್ತಿಯ ಒಂದೇ ಇಂಜಿನ್. ಉಕ್ಕಿನ ಕೊಳವೆಯ ಮೈ, ಅದರ ಮೇಲೆ ಬಟ್ಟೆ, ತಲೆಯ ಮೇಲೆ ರೆಕ್ಕೆ. ಅಮೆರಿಕದ ಏರಾಂಕಾ ಚೀಫ್ ಎಂಬ ಸಣ್ಣ ವಿಮಾನವನ್ನು ನೋಡಿ ಮಾಡಿದ್ದು, ಅದನ್ನು ಮುಚ್ಚಿಡಬೇಕಾಗಿಲ್ಲ. ಸುಮಾರು 160 ಪುಷ್ಪಕಗಳು ಬೆಂಗಳೂರಿನಿಂದ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು. ಆ ಕಾಲದ ಎಷ್ಟೋ ಪೈಲಟ್ಟುಗಳು ಆಕಾಶದ ಓನಾಮ ತಿದ್ದಿದ್ದು ಅದರಲ್ಲೇ. ಹಾಗೆ ನೋಡಿದರೆ ಅದರಲ್ಲೂ ಯಾವಾಗಲೂ ಇನ್ನೊಬ್ಬನಿಗೆ ಜಾಗ ಇತ್ತು. ಒಬ್ಬ ಕಲಿತು ಇಳಿದರೆ ಮತ್ತೊಬ್ಬ ಹತ್ತುತ್ತಿದ್ದ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಕಾರ್ಖಾನೆ 1940ರ ಡಿಸೆಂಬರ್‌ನಲ್ಲಿ ಹುಟ್ಟಿದ್ದು ಸೋಲಾಪುರದ ವಾಲಚಂದ್ ಹಿರಾಚಂದರ ಹಟದಿಂದ ಮತ್ತು ಮೈಸೂರು ಸಂಸ್ಥಾನದ ಬೆಂಬಲದಿಂದ. ಸ್ವತಂತ್ರ ಭಾರತ ತಾನೇ ವಿನ್ಯಾಸ ಮಾಡಿ ಹಾರಿಸಿದ ಮೊದಲ ಇಂಜಿನ್ನಿನ ವಿಮಾನ ಎಚ್.ಟಿ.-2. ಅದು ಬೆಂಗಳೂರಿನಲ್ಲಿ 1951ರ ಆಗಸ್ಟ್‌ನಲ್ಲಿ ಹಾರಿತು. ಅದರ ಹಿಂದಿದ್ದ ತಲೆ ಡಾ. ವಿ. ಎಂ. ಘಾಟಗೆಯವರದು. ಜರ್ಮನಿಯ ಗಾಟಿಂಗನ್‌ನಲ್ಲಿ ಪ್ರಾಂಟ್ಲ್ ಎಂಬ ಮಹಾ ಗುರುವಿನ ಬಳಿ ಓದಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ವಿಜ್ಞಾನದ ವಿಭಾಗ ಶುರುವಾದಾಗ ಅದರ ಮೊದಲ ಮುಖ್ಯಸ್ಥರಾದವರು. ಸುಮಾರು 170 ಎಚ್.ಟಿ.-2 ತಯಾರಾದವು, ಆಗಷ್ಟೇ ಸ್ವತಂತ್ರವಾಗಿದ್ದ ಆಫ್ರಿಕದ ಘಾನಾ ದೇಶವೂ ತನ್ನ ಹುಡುಗರಿಗೆ ಹಾರಾಟ ಕಲಿಸಲು ಇದನ್ನೇ ಕೊಂಡಿತು. ಸೋಲಾಪುರದ ಸಾಹುಕಾರ, ಮೈಸೂರಿನ ಸಂಸ್ಥಾನ, ಮರಾಠಿ ಮನೆಮಾತಿನ ವಿಜ್ಞಾನಿ, ಬೆಂಗಳೂರಿನ ಫಿಟ್ಟರು! ಗಡಿ ಗಡಿ ಅಂತ ಕೂಗಾಡುವ ನಮ್ಮ ಎರಡೂ ಕಡೆಯ ವೀರರು ಇದನ್ನ ಒಂದು ಸಲ ನೆನೆಸಿಕೊಂಡರೆ ಒಳ್ಳೇದು.

ಪುಷ್ಪಕದ ಮೈಯನ್ನೇ ದೊಡ್ಡದು ಮಾಡಿ, 225 ಕುದುರೆಶಕ್ತಿಯ ಇಂಜಿನ್ ಕೂರಿಸಿ, 1959ರ ನವೆಂಬರ್‌ನಲ್ಲಿ ಇನ್ನೊಂದನ್ನು ಹಾರಿಸಿದರು. ಅದಕ್ಕೆ ಕೃಷಕ ಅಂತ ಹೆಸರಿಟ್ಟರು. ಕೃಷಕ ಅಂದರೆ ಉಳುವವನು. ಎಂಥ ಹೆಸರು! ಆದರೆ ಕೊಳ್ಳುವವರು ಬರಲಿಲ್ಲ. ಎರಡು ಮಾದರಿ ಮಾಡಿ ಸುಮ್ಮನೆ ಇಟ್ಟರು. ಕೊನೆಗೆ ಕೇಳಿಕೊಂಡು ಬಂದದ್ದು ಸೈನ್ಯ. ಫಿರಂಗಿ ಗುಂಡು ಎಲ್ಲಿ ಬೀಳುತ್ತಿದೆ ಅಂತ ಮೇಲಿನಿಂದ ನೋಡಿ ಹೇಳಲು ಅವರಿಗೆ ಒಂದು ಸಣ್ಣ, ನಿಧಾನದ, ಗಟ್ಟಿ ವಿಮಾನ ಬೇಕಿತ್ತು. 68 ಕೃಷಕಗಳು ತಯಾರಾಗಿ 1965ರಿಂದ ಸೈನ್ಯಕ್ಕೆ ಸೇರಿದವು. 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಲೋಂಗೇವಾಲಾದಲ್ಲಿ ಶತ್ರುವಿನ ಟ್ಯಾಂಕುಗಳ ಮೇಲೆ ನಮ್ಮ ಹಂಟರ್ ಜೆಟ್ಟುಗಳಿಗೆ ದಾರಿ ತೋರಿಸಿದ್ದು ಮೇಜರ್ ಆತ್ಮಾಸಿಂಗ್ ಹಾರಿಸುತ್ತಿದ್ದ ಒಂದು ಕೃಷಕ. ಮರಳುಗಾಡಿನಲ್ಲಿ, ಗುಂಡಿನ ಮಧ್ಯೆ ಆ ಪುಟ್ಟ ವಿಮಾನ ಮಾಡಿದ ಕೆಲಸ ಸಣ್ಣದಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ ಅದರ ಜಾಗಕ್ಕೆ ಚೀತಾ ಹೆಲಿಕಾಪ್ಟರ್ ಬಂತು. ಕೃಷಕನಿಗೆ ನಿವೃತ್ತಿ ಆಯಿತು.

ಹೆಸರು ರೈತನದು, ದುಡಿದದ್ದು ಯುದ್ಧದಲ್ಲಿ. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಮ್ಮ ಹಳ್ಳಿಯ ಹುಡುಗರೂ ಎಷ್ಟೋ ಜನ ಹಾಗೇ ಅಲ್ಲವೆ?

ನಿಜವಾಗಿ ಹೊಲಕ್ಕೆ ಅಂತ ಮಾಡಿದ್ದು ಆಮೇಲೆ ಬಂತು. ಹಸಿರು ಕ್ರಾಂತಿಯ ದಿನಗಳು. ಮೇಲಿನಿಂದ ಔಷಧಿ ಸಿಂಪಡಿಸಲು ಒಂದು ವಿಮಾನ ಬೇಕು ಅಂತ 1968ರಲ್ಲಿ ಕೆಲಸ ಶುರುವಾಯಿತು. ಮೊದಲ ರೂಪ ಸರಿಬರಲಿಲ್ಲ. ಪೂರ್ತಿ ಬದಲಿಸಿ, 400 ಕುದುರೆಶಕ್ತಿಯ ಇಂಜಿನ್ ಹಾಕಿ 1972ರ ಮಾರ್ಚ್ 30ರಂದು ಹಾರಿಸಿದರು. ವಸಂತ ಕಾಲದಲ್ಲಿ ಹಾರಿದ ಅದಕ್ಕೆ ಬಸಂತ ಅಂತ ಹೆಸರು. ಕೆಳಗೆ ರೆಕ್ಕೆ, ರೆಕ್ಕೆಗೆ ಊರೆಗೋಲಿನಂಥ ಸಲಾಕೆ, ಎತ್ತರದಲ್ಲಿ ಪೈಲಟ್ಟಿನ ಕೋಣೆ. ಒಟ್ಟು 39 ತಯಾರಾದವು. 1980ಕ್ಕೆ ಮುಗಿಯಿತು. ವಸಂತ ಅಷ್ಟು ಬೇಗ ಮುಗಿದುಹೋಯಿತು.

ಹಾಸ್ಟೆಲಿನಲ್ಲಿ ಈ ಲೆಕ್ಕ ಹೇಳಿದಾಗ ಒಬ್ಬ ಗೆಳೆಯ ಕೇಳಿದ: "ಸರಿ, ಮುಗೀತು. ಹಳೇ ಅಂಬಾಸಡರ್ ಕಾರೂ ಮುಗೀತು. ಅದಕ್ಕ್ಯಾಕೆ ಇಷ್ಟು ಸಂಕಟ?" ನ್ಯಾಯವಾದ ಪ್ರಶ್ನೆ. ಉತ್ತರ ಹೇಳಬೇಕಾದರೆ 'ಗಟ್ಟಿ ವಿಮಾನ' ಅಂದರೆ ಏನು ಅನ್ನೋದನ್ನ ಮೊದಲು ನೋಡಬೇಕು.

ಕೆನಡಾದಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿ ಹ್ಯಾವಿಲೆಂಡ್ ಕಂಪನಿಯವರು ಒಂದು ಒಳ್ಳೇ ಕೆಲಸ ಮಾಡಿದರು. ಕಾಡು, ಸರೋವರ, ಹಿಮದ ಮೇಲೆ ದಿನಾ ಹಾರುವ ಪೈಲಟ್ಟುಗಳನ್ನೇ ಕೇಳಿದರು: ನಿಮಗೆ ಎಂಥ ವಿಮಾನ ಬೇಕು? ಅವರು ಹೇಳಿದ ಹಾಗೆ 1947ರಲ್ಲಿ ಬೀವರ್ ಎಂಬ ಒಂಟಿ ಇಂಜಿನ್ನಿನ ವಿಮಾನ ಬಂತು. ಎಣ್ಣೆ ಪೀಪಾಯಿಯನ್ನು ಉರುಳಿಸಿಕೊಂಡು ಒಳಗೆ ಹಾಕುವಷ್ಟು ಅಗಲದ ಬಾಗಿಲು. ಚಳಿಯಲ್ಲಿ ಹೊರಗೆ ನಿಂತು ಪರದಾಡದ ಹಾಗೆ ಇಂಜಿನ್ ಆಯಿಲನ್ನು ಪೈಲಟ್ ತನ್ನ ಕೋಣೆಯೊಳಗಿಂದಲೇ ಹುಯ್ಯಬಹುದು. ಗಾಲಿ ತೆಗೆದು ದೋಣಿಯ ತಳ ಕಟ್ಟಿದರೆ ನೀರಿನ ಮೇಲೆ, ಹಲಗೆ ಕಟ್ಟಿದರೆ ಹಿಮದ ಮೇಲೆ ಇಳಿಯುತ್ತೆ. 1,600ಕ್ಕೂ ಹೆಚ್ಚು ತಯಾರಾದವು. 1967ರಲ್ಲಿ ತಯಾರಿಕೆ ನಿಂತರೂ ಅವುಗಳಲ್ಲಿ ಎಷ್ಟೋ ಇವತ್ತೂ ಹಾರುತ್ತಿವೆ. ಟಪಾಲು, ಮೀನು, ರೋಗಿ, ಮರ ಕಡಿಯುವವರು, ಯಾರು ಏನು ಬಂದರೂ ಅದೇ ವಿಮಾನ. ಸೋವಿಯತ್ ದೇಶದ ಆಂಟೊನೊವ್-2 ಕೂಡ ಇಂಥದ್ದೇ. ಜೋಡಿ ರೆಕ್ಕೆಯ ಆ ಮುದುಕ ಹೊಲಕ್ಕೂ ಸೈ, ಹಳ್ಳಿಯಿಂದ ಹಳ್ಳಿಗೆ ಜನ ಸಾಗಿಸಲೂ ಸೈ. ಅದನ್ನು 18,000ಕ್ಕೂ ಮೇಲೆ ಮಾಡಿದರು.

ಇವುಗಳ ರಚನೆಯಲ್ಲಿ ಒಂದು ಹಳ್ಳಿ ಬುದ್ಧಿ ಇದೆ. ಎಷ್ಟೋ ಇಂಥ ವಿಮಾನಗಳಿಗೆ ಮೂರನೇ ಗಾಲಿ ಬಾಲದಲ್ಲಿ ಇರುತ್ತೆ. ಯಾಕೆ ಅಂದರೆ ಮೂಗು ಎತ್ತರಕ್ಕೆ ನಿಂತು, ಮುಂದಿನ ಪಂಖ ಕಲ್ಲಿಗೆ ತಾಗದೆ ಉಳಿಯುತ್ತೆ. ರೆಕ್ಕೆ ತಲೆಯ ಮೇಲಿದ್ದರೆ ಪೊದೆ, ಬೇಲಿ ತಗಲುವುದಿಲ್ಲ. ಕೆಳಗಿನ ನೆಲ ಚೆನ್ನಾಗಿ ಕಾಣುತ್ತೆ. ಗಾಲಿ ಮಡಚುವ ಯಂತ್ರ ಇಲ್ಲ, ಹಾಗಾಗಿ ಅದು ಕೆಡುವ ಪ್ರಶ್ನೆಯೂ ಇಲ್ಲ. ಇಂಜಿನ್ನಿನ ಒಂದೊಂದು ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್ಗು, ಅವಕ್ಕೆ ಎರಡು ಬೇರೆ ಬೇರೆ ಮ್ಯಾಗ್ನೆಟೊ. ಒಂದು ಕೈಕೊಟ್ಟರೆ ಇನ್ನೊಂದು ಮನೆ ಮುಟ್ಟಿಸುತ್ತೆ. ನೀರಿನ ರೇಡಿಯೇಟರ್ ಇಲ್ಲ, ಗಾಳಿಯಲ್ಲೇ ತಣಿಯುತ್ತೆ. ಬಟ್ಟೆ ಹರಿದರೆ ತೇಪೆ ಹಾಕಬಹುದು. ಕೊಳವೆ ಬಿಟ್ಟರೆ ಬೆಸೆಯಬಹುದು.

ಹಾಗಾದರೆ ಗಟ್ಟಿ ಅಂದರೆ ಎಂದೂ ಮುರಿಯದ್ದು ಅಂತ ಅರ್ಥ ಅಲ್ಲ. ಮುರಿದ ಜಾಗದಲ್ಲೇ, ಅಲ್ಲಿರುವ ಜನರ ಕೈಯಲ್ಲೇ ರಿಪೇರಿ ಆಗುವಂಥದ್ದು ಅಂತ. ನಮ್ಮ ಎತ್ತಿನ ಗಾಡಿ ಗಟ್ಟಿ, ಅಟ್ಲಾಸ್ ಸೈಕಲ್ಲು ಗಟ್ಟಿ, ಯೇವಲಾದ ಹುಡುಗನ ಗಾಳಿಪಟವೂ ಗಟ್ಟಿ.

ನಮ್ಮಲ್ಲಿ ಈ ಬುದ್ಧಿ ಇರಲಿಲ್ಲವೆ? ಖಂಡಿತ ಇತ್ತು. ಪುಷ್ಪಕದ ಮೈಯಿಂದ ಕೃಷಕ ಹುಟ್ಟಿತು ಅಂದರೆ ಒಂದು ಮನೆತನ ಶುರುವಾಗಿತ್ತು ಅಂತಲೇ ಅರ್ಥ. ಆದರೆ ಬೀವರಿಗೂ ನಮ್ಮವಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಒಂದು ವಿಮಾನಕ್ಕೆ ಹತ್ತು ಕೆಲಸ, ನೂರು ಗಿರಾಕಿ. ಇಲ್ಲಿ ಒಂದೊಂದು ವಿಮಾನಕ್ಕೂ ಒಂದೇ ಕೆಲಸ, ಗಿರಾಕಿಯೂ ಹೆಚ್ಚುಕಡಿಮೆ ಒಬ್ಬನೇ: ಸರಕಾರ. ಪುಷ್ಪಕ ಕ್ಲಬ್ಬಿಗೆ, ಕೃಷಕ ಫಿರಂಗಿ ದಳಕ್ಕೆ, ಬಸಂತ ಕೃಷಿ ಖಾತೆಗೆ. ಖಾತೆಯ ಮನಸ್ಸು ಬದಲಾದ ದಿನ ವಿಮಾನ ಅನಾಥ. ಮೇಲಾಗಿ ಕೃಷಕಕ್ಕೂ ಬಸಂತಕ್ಕೂ ಇಂಜಿನ್ ಅಮೆರಿಕದ ಕಂಪನಿಗಳದು. ಇಂಥ ಇಂಜಿನ್ನಿಗೆ ಬೇಕಾದ ವಿಶೇಷ ಪೆಟ್ರೋಲನ್ನು ನಮ್ಮ ದೇಶ ಬಹುಕಾಲ ಹೊರಗಿನಿಂದಲೇ ತರಿಸುತ್ತಿತ್ತು. ಇಂಡಿಯನ್ ಆಯಿಲ್‌ನವರು ಅದನ್ನು ವಡೋದರದಲ್ಲಿ ತಯಾರಿಸಿ ಹೊರತಂದದ್ದು 2022ರಲ್ಲಿ! ಹೊಲದ ವಿಮಾನ ಅಂತೀವಿ, ಅದರ ಹೃದಯವೂ ಹೊರಗಿನದು, ಅದರ ಮೇವೂ ಹೊರಗಿನದು.

ಇಲ್ಲಿಯವರೆಗೆ ನಾನು ಬರೆದದ್ದನ್ನು ಓದಿದ ನಮ್ಮ ಕೂಟದ ಗೆಳತಿ ಒಬ್ಬಳು ಕಾಗದವನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು. ಅವಳು ಕಾಸರಗೋಡಿನ ಎಣ್ಮಕಜೆ ಕಡೆಯವಳು. "ನಿಂಗೆ ಮೇಲೆ ಸದ್ದು ಕೇಳಿದ್ರೆ ಕವಿತೆ ಬರ್ತದೆ. ನಮ್ಮ ಅಜ್ಜಿಗೆ ಬಾವಿ ಮುಚ್ಚುವ ಕೆಲಸ ನೆನಪಾಗ್ತದೆ" ಅಂದಳು.

ನನಗೆ ಬಾಯಿ ಕಟ್ಟಿತು. ಯಾಕೆ ಅಂತ ನಿಮಗೂ ಗೊತ್ತಿರಬೇಕು. ಕಾಸರಗೋಡಿನ ಸರಕಾರಿ ಗೇರು ತೋಟಗಳ ಮೇಲೆ ಟೀ ಸೊಳ್ಳೆ ಎಂಬ ಕೀಟ ಕೊಲ್ಲಲು ಎಪ್ಪತ್ತರ ದಶಕದ ಕೊನೆಯ ವರ್ಷಗಳಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ಗೇರು, ಗುಡ್ಡದ ಕೆಳಗೆ ಮನೆ, ತೋಡು, ಬಾವಿ, ಸುರಂಗದ ನೀರು. ಪಡ್ರೆ ಗ್ರಾಮದಲ್ಲಿ ಒಂದು ಜಾಗದ ಹೆಸರೇ ಸ್ವರ್ಗ. ಆ ಸುತ್ತಿನ ಮನೆಗಳಲ್ಲಿ ಕೈಕಾಲು ಊನದ, ಬುದ್ಧಿ ಬೆಳೆಯದ ಮಕ್ಕಳು, ಕಾನ್ಸರು, ವಾಸಿಯಾಗದ ಚರ್ಮರೋಗ. ಅಲ್ಲಿನ ವೈದ್ಯ ಡಾ. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಇಂಥವರು ಕೂಗಿ ಕೂಗಿ ಹೇಳಿದ ಮೇಲೆ ಜಗತ್ತು ಅತ್ತ ತಿರುಗಿ ನೋಡಿತು. ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತ, ಕೊಕ್ಕಡ, ಪಟ್ರಮೆ ಕಡೆಯೂ ಇದೇ ಗೋಳು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆಯಿತು. ಅಷ್ಟು ಹೊತ್ತಿಗೆ ಒಂದು ತಲೆಮಾರು ಹಾಸಿಗೆ ಹಿಡಿದಾಗಿತ್ತು.

ಅದು ಹೆಲಿಕಾಪ್ಟರು, ಬಸಂತ ಅಲ್ಲ ಅಂತ ನಾನು ವಾದ ಮಾಡಬಹುದಿತ್ತು. ಆದರೆ ಅದು ವಕೀಲನ ವಾದ. ಬಸಂತ ಮಾಡಿದ್ದೂ ಮೇಲಿನಿಂದ ಸುರಿಯುವ ಕೆಲಸಕ್ಕೇ. ಒಂದು ಸಣ್ಣ ಲೆಕ್ಕ ಹಾಕೋಣ. ಎರಡು ಎಕರೆ ಚೌಕದ ಹೊಲ ಅಂದರೆ ಒಂದು ಬದಿ ಸುಮಾರು 90 ಮೀಟರು. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಹೋಗುವ ವಿಮಾನ ಆ ಹೊಲವನ್ನು ದಾಟಲು ಎರಡು ಸೆಕೆಂಡು ಸಾಕು. ಆ ಎರಡು ಸೆಕೆಂಡಿನಲ್ಲಿ ಔಷಧಿ ನಮ್ಮ ಹೊಲದಲ್ಲೇ ಬಿದ್ದು, ಪಕ್ಕದವನ ಹೊಲಕ್ಕೆ, ಅವನ ಬಾವಿಗೆ, ಮೇಯುವ ಎಮ್ಮೆಗೆ, ಬುತ್ತಿ ಹೊತ್ತು ಬರುವ ಹೆಂಗಸಿಗೆ ಬೀಳದಂತೆ ತಡೆಯುವವರು ಯಾರು? ಸಾವಿರಾರು ಎಕರೆ ಒಂದೇ ಬೆಳೆ ಇರುವ ಅಮೆರಿಕಕ್ಕೆ, ಸೋವಿಯತ್ ಸಾಮೂಹಿಕ ಬೇಸಾಯಕ್ಕೆ ಅದು ಹೊಂದೀತು. ಯೇವಲಾ ಸುತ್ತಮುತ್ತ ಈರುಳ್ಳಿ ಬೆಳೆಯುವ ಒಂದೆರಡು ಎಕರೆಯ ರೈತನಿಗೆ, ನಮ್ಮ ಹಾವೇರಿಯ ಮೆಣಸಿನಕಾಯಿ ಬೆಳೆಗಾರನಿಗೆ ಹೊಂದುವುದಿಲ್ಲ. ಬಸಂತ ಸೋತದ್ದಕ್ಕೆ ನನಗೆ ಕಾಣುವ ಒಂದು ದೊಡ್ಡ ಕಾರಣ ಇದೇ. ರೈತನ ಹೆಸರಿಟ್ಟೆವು, ರೈತನ ಹೊಲದ ಅಳತೆ ಕೇಳಲಿಲ್ಲ. ಕೆನಡಾದವರು ಪೈಲಟ್ಟುಗಳನ್ನು ಕೇಳಿದ ಹಾಗೆ ನಮ್ಮವರು ರೈತರನ್ನು ಕೇಳಿದ್ದರೆ, ಬಹುಶಃ ರೈತ ಹೇಳುತ್ತಿದ್ದ: "ಸ್ವಾಮೀ, ಔಷಧಿ ನಾನು ಹೊಡ್ಕೋತೀನಿ. ನನ್ನ ಮಗನಿಗೆ ಇದನ್ನ ನಡೆಸೋಕೆ, ರಿಪೇರಿ ಮಾಡೋಕೆ ಕಲಿಸ್ತೀರಾ?"

ನನ್ನ ಗೆಳತಿ ಮಾಡಿದ್ದು ಇಷ್ಟು: ನನ್ನ ಲೇಖನದ ಪ್ರಶ್ನೆಯನ್ನೇ ಬದಲಿಸಿದಳು. ವಿಮಾನ ಬೇಕೋ ಬೇಡವೋ ಅನ್ನೋದಕ್ಕಿಂತ ಮುಂಚೆ, ಅದು ಯಾರ ತಲೆಯ ಮೇಲೆ, ಯಾರನ್ನು ಕೇಳಿ, ಯಾತಕ್ಕೆ ಹಾರುತ್ತೆ ಅನ್ನೋದು ಇತ್ಯರ್ಥ ಆಗಬೇಕು.

ಈಗ ಇವತ್ತಿನ ಮಾತು. ಸಿಂಪಡಿಸುವ ಕೆಲಸಕ್ಕೆ ಡ್ರೋನ್ ಬಂದಿದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಡ್ರೋನ್ ಕೊಡುವ ಕೇಂದ್ರ ಸರಕಾರದ ಯೋಜನೆ 2023ರಲ್ಲಿ ಘೋಷಣೆಯಾಯಿತು. ಡ್ರೋನು ಬೆಳೆಯ ನೆತ್ತಿಗೇ ಇಳಿದು ನಿಧಾನ ಹೋಗುತ್ತೆ, ಬದುವಿನ ಹತ್ತಿರ ನಿಲ್ಲುತ್ತೆ, ಹೊಡೆಯುವವಳು ಅದೇ ಊರಿನವಳು. ಬಸಂತಕ್ಕಿಂತ ಅದು ನಮ್ಮ ಹೊಲಕ್ಕೆ ಒಪ್ಪುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ವಿಷ ವಿಷವೇ, ಅದು ಹತ್ತು ಅಡಿ ಮೇಲಿನಿಂದ ಬಿದ್ದರೂ.

ಸಣ್ಣ ವಿಮಾನ ಮಾಡುವ ಪ್ರಯತ್ನ ನಮ್ಮಲ್ಲಿ ಪೂರ್ತಿ ಸತ್ತಿಲ್ಲ. ಬೆಂಗಳೂರಿನ ಎನ್.ಎ.ಎಲ್.ನವರ ಎರಡು ಸೀಟಿನ ಹಂಸ 1993ರ ನವೆಂಬರ್‌ನಲ್ಲಿ ಹಾರಿತು. ಅದರ ಹೊಸ ರೂಪ 2021ರ ಸೆಪ್ಟೆಂಬರ್‌ನಲ್ಲಿ ಹಾರಿತು. ಎರಡರ ನಡುವೆ 28 ವರ್ಷ! ಮಹೀಂದ್ರದವರು 2009ರಲ್ಲಿ ಆಸ್ಟ್ರೇಲಿಯದ ಗಿಪ್ಸ್‌ಲ್ಯಾಂಡ್ ಕಂಪನಿಯನ್ನೇ ಕೊಂಡರು. ಏರ್‌ವ್ಯಾನ್ ಎಂಬ ಎಂಟು ಸೀಟಿನ, ಬೀವರಿನ ಗುಣದ ಒಂಟಿ ಇಂಜಿನ್ ವಿಮಾನ ಅವರದು. ಎನ್.ಎ.ಎಲ್. ಜೊತೆ ಕೂಡಿ ಮಾಡಿದ ಐದು ಸೀಟಿನ ವಿಮಾನವೂ 2011ರಲ್ಲಿ ಆಸ್ಟ್ರೇಲಿಯದ ಆಕಾಶದಲ್ಲಿ ಹಾರಿತು. ಕೋಲಾರದ ನರಸಾಪುರದಲ್ಲಿ ವಿಮಾನದ ಬಿಡಿಭಾಗಗಳ ಕಾರ್ಖಾನೆ ಎದ್ದಿತು. ಆದರೆ ಆ ಐದು ಸೀಟಿನದು ನಮ್ಮ ಕ್ಲಬ್ಬುಗಳಿಗೆ ಬರಲಿಲ್ಲ. ಏರ್‌ವ್ಯಾನನ್ನು 2020ರಲ್ಲಿ ಅದರ ಹಳೆಯ ಒಡೆಯರಿಗೇ ಮಾರಿದ್ದಾಯಿತು.

ಇತ್ತ ಓಝರ್‌ನಲ್ಲಿ? ಅಲ್ಲಿ ಮಿಗ್ ಕಟ್ಟಿದರು, ಸುಖೋಯ್ ಕಟ್ಟಿದರು. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾಯಿತು. ಮರು ತಿಂಗಳೇ ಓಝರ್‌ನಲ್ಲಿ ತೇಜಸ್ ಕಟ್ಟುವ ಸಾಲು, ಅದರ ಜೊತೆಗೆ ಎಚ್.ಟಿ.ಟಿ.-40 ಎಂಬ ಒಂಟಿ ಇಂಜಿನ್ನಿನ ತರಬೇತಿ ವಿಮಾನದ ಸಾಲೂ ಉದ್ಘಾಟನೆಯಾದವು. ಸಂತೋಷವೇ. ವಾಯುಪಡೆಯ ಹುಡುಗರು ಹಿಂದೆ ಕಲಿಯುತ್ತಿದ್ದ ದೀಪಕ್ ವಿಮಾನ, 1977ರಲ್ಲಿ ಮೊದಲು ಹಾರಿದ್ದು, ಆಕಾಶದಲ್ಲೇ ಇಂಜಿನ್ ನಿಂತುಹೋಗುವ ರೋಗಕ್ಕೆ ಸಿಕ್ಕಿ, ಹಲವರ ಪ್ರಾಣ ಹೋಗಿ, 2009ರಲ್ಲಿ ನೆಲ ಹಿಡಿದಿತ್ತು. ಒಂಟಿ ಇಂಜಿನ್ ಅಂದರೆ ಅಷ್ಟೇ ಮತ್ತೆ: ಅದನ್ನು ಪ್ರತಿದಿನ ಮಗುವಿನ ಹಾಗೆ ನೋಡಿಕೊಳ್ಳಬೇಕು. ಇದನ್ನೂ ನಾವು ಮರೆಯಬಾರದು.

ಆದರೆ ಎಚ್.ಟಿ.ಟಿ.-40 ಸಮವಸ್ತ್ರ ತೊಟ್ಟವರಿಗೆ. ಸಮವಸ್ತ್ರ ತೊಡದ, ಆದರೆ ಹಾರಬೇಕು ಅನ್ನುವ ಹುಡುಗ ಹುಡುಗಿಯರಿಗೆ? ಇವತ್ತು ನಮ್ಮ ಹಾರಾಟ ಶಾಲೆಗಳಲ್ಲಿ ನಿಂತಿರುವುದು ಬಹುಪಾಲು ಅಮೆರಿಕದ ಸೆಸ್ನಾ, ಆಸ್ಟ್ರಿಯದ ಡೈಮಂಡ್, ಇಟಲಿಯ ಟೆಕ್ನಾಮ್. ಪೈಲಟ್ ಲೈಸೆನ್ಸು ಅಂದರೆ ಹತ್ತಾರು ಲಕ್ಷದ ಮಾತು. ಜಕ್ಕೂರಿನಲ್ಲಿ ಮೈಸೂರು ಸರಕಾರ 1949ರಲ್ಲಿ ಹಾರಾಟ ಶಾಲೆ ತೆರೆದಾಗ ಇದ್ದ ಕನಸು, ಸಾಮಾನ್ಯರ ಮಕ್ಕಳೂ ಹಾರಲಿ ಅನ್ನೋದು. ನಮ್ಮ ತರಗತಿಯಲ್ಲಿ ಕೈ ಎತ್ತಿ ಹೇಳಿ ನೋಡೋಣ: ಎಷ್ಟು ಜನರ ಅಪ್ಪಂದಿರು ಅಷ್ಟು ಹಣ ಕೊಡಬಲ್ಲರು?

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು.

ಒಂದು: ಸರಳವಾದ, ಗಟ್ಟಿಯಾದ, ಇಲ್ಲೇ ರಿಪೇರಿ ಆಗುವ ಒಂದು ಸಣ್ಣ ವಿಮಾನವನ್ನು ನಮ್ಮ ನಾಡಿನ ಕಾರ್ಖಾನೆಗಳು ಬಿಡದೆ ಮಾಡಬೇಕು. ಒಂದು ಖಾತೆಗೆ ಅಂತ ಅಲ್ಲ. ಕಲಿಸೋದಕ್ಕೆ, ಸರ್ವೆಗೆ, ನೆರೆ ಬಂದಾಗ ನೋಡೋದಕ್ಕೆ, ದ್ವೀಪಗಳಿಗೆ, ಈಶಾನ್ಯದ ಬೆಟ್ಟಗಳಿಗೆ, ಎಲ್ಲಕ್ಕೂ ಒಂದೇ ಮೈಯ ಅಣ್ಣತಮ್ಮಂದಿರ ಹಾಗೆ. ಕಾನಪುರದಲ್ಲಿ ಕಟ್ಟಿದ ಜೋಡಿ ಇಂಜಿನ್ನಿನ ಡಾರ್ನಿಯರ್ 2022ರ ಏಪ್ರಿಲ್‌ನಿಂದ ಅರುಣಾಚಲದ ಪಾಸಿಘಾಟಿಗೆ ಜನರನ್ನು ಒಯ್ಯತೊಡಗಿತು. ಸೈನ್ಯಕ್ಕೆ ಅಂತ ಕಟ್ಟಿದ್ದನ್ನು ಜನಕ್ಕೂ ಕೊಡಬಹುದು ಅನ್ನೋದಕ್ಕೆ ಅದೇ ಸಾಕ್ಷಿ.

ಎರಡು: ಆಕಾಶದಿಂದ ವಿಷ ಸುರಿಯುವ ಕೆಲಸಕ್ಕೆ, ವಿಮಾನವೇ ಇರಲಿ, ಹೆಲಿಕಾಪ್ಟರೇ ಇರಲಿ, ಡ್ರೋನೇ ಇರಲಿ, ಕೆಳಗಿರುವ ಊರಿನ ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಅವಕಾಶ ಕೊಡಬಾರದು. ಬಾವಿ ಮುಚ್ಚಿಕೊಳ್ಳಿ ಅಂತ ಡಂಗುರ ಹೊಡೆಯುವುದು ಒಪ್ಪಿಗೆ ಕೇಳುವುದಲ್ಲ.

ಮೂರು: ಇದು ನಮಗೆ, ಕನ್ನಡ ಓದುವವರಿಗೆ. ಪುಷ್ಪಕ, ಕೃಷಕ, ಬಸಂತ, ಹಂಸ ಅಂತ ಚೆಂದದ ಹೆಸರಿಟ್ಟು, ಒಳಗಿನ ಪುಸ್ತಕವನ್ನೆಲ್ಲ ಇಂಗ್ಲಿಷಿನಲ್ಲೇ ಇಟ್ಟರೆ ಹೆಸರು ಬರೀ ಬೋರ್ಡು. ನಮ್ಮ ಮಾವ ಐ.ಟಿ.ಐ. ಓದಿದವರು. ಮೂವತ್ತು ವರ್ಷ ರೆಕ್ಕೆ ಜೋಡಿಸಿದ ಆ ಕೈಗೆ ತಾನು ಮಾಡುತ್ತಿದ್ದ ಕೆಲಸದ ಬಗ್ಗೆ ತನ್ನ ಭಾಷೆಯಲ್ಲಿ ಓದಲು ಒಂದು ಪುಸ್ತಕವೂ ಸಿಗಲಿಲ್ಲ. "ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ" ಅಂತ ಅವರೇ ಹೇಳ್ತಾರೆ. ಆ ಕೈಯ ಮಾತನ್ನು ಕನ್ನಡಕ್ಕೆ ತರುವವರು ಯಾರು? ಸೈನ್ಸ್ ಫೋರಮ್ಮಿನವರ ಮೇಲೆ ಹಾಕಿ ನಾವು ಕೈತೊಳೆದುಕೊಳ್ಳೋದು ಬೇಡ. ನಿವೃತ್ತರಾದ ಇಂಥ ಫಿಟ್ಟರುಗಳು, ಬೆಸೆಯುವವರು, ಬಟ್ಟೆ ಹೊದಿಸಿದವರು ಬೆಂಗಳೂರಿನ ವಿಮಾನಪುರದ ಗಲ್ಲಿಗಳಲ್ಲಿ ಇನ್ನೂ ಇದ್ದಾರೆ. ನಮ್ಮ ಕೂಟ ಮುಂದಿನ ರಜೆಯಲ್ಲಿ ನೋಟ್‌ಬುಕ್ಕು ಹಿಡಿದು ಅವರ ಮನೆಗಳಿಗೆ ಹೋಗಲಿ. ಅವರು ಆಡುವ ಶಬ್ದಗಳನ್ನು ಬರೆದುಕೊಳ್ಳಲಿ. ಅವರೂ ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ.

ಯೇವಲಾದ ಆ ಸಂಜೆ ಮಾಳಿಗೆ ಇಳಿಯುವ ಹೊತ್ತಿಗೆ ಒಬ್ಬ ಹುಡುಗ ತನ್ನ ಪಟದ ಮುರಿದ ಬಿದಿರು ಕಡ್ಡಿಗೆ ಇನ್ನೊಂದು ಕಡ್ಡಿ ಸೇರಿಸಿ ದಾರ ಸುತ್ತುತ್ತಿದ್ದ. ಮಾವ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಗಂಟು ಎಲ್ಲಿ ಹಾಕಬೇಕು ಅಂತ ಮರಾಠಿಯಲ್ಲಿ ಹೇಳಿಕೊಟ್ಟರು. ಹುಡುಗ ಮಾತಾಡದೆ ಹಾಗೇ ಮಾಡಿದ. ಪಟ ಮೇಲಕ್ಕೆ ಹೋಯಿತು. ನಮ್ಮ ಸೀರೆಯ ಚೌಕಾಸಿ ಮಾತ್ರ ರಾತ್ರಿ ಎಂಟಾದರೂ ಮುಗಿಯಲಿಲ್ಲ.

ನನ್ನ ಮಾತನ್ನು ಒಪ್ಪದವರು ಇರಬಹುದು. ಅದರಲ್ಲೂ ನಮ್ಮ ಕಾಸರಗೋಡಿನ ಗೆಳತಿ ಇನ್ನೂ ಪೂರ್ತಿ ಒಪ್ಪಿಲ್ಲ. ಅವಳೂ, ನೀವೂ ಮುಂದಿನ ಸಂಚಿಕೆಗೆ ಬರೆಯಿರಿ. ಸಂಪಾದಕರು ಹುಬ್ಬೇರಿಸಿದರೆ ನಾನು ನೋಡಿಕೊಳ್ತೀನಿ.